ಅಪ್ಪ ಒತ್ತುತ್ತಿದ್ದ ಹಸಿರು ಬಟನ್

ಆಫೀಸಿನಲ್ಲಿ ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರಿಗೆ ಕಣ್ಣಿತ್ತು ಎನ್ನುವುದಂತೂ ನಿಜ. ಎಲ್ಲರೂ ‘ನಾಳೆಯೇ ಮಾರುಕಟ್ಟೆಗೆ ಬಿಟ್ಟುಬಿಡೋಣ’ ಎಂದು ಕುಣಿಯುವ ಹೊತ್ತಿಗೆ ಸರಿಯಾಗಿ ಮೇಜಿನ ತುದಿಯಿಂದ ‘ಒಂದು ನಿಮಿಷ’ ಎಂಬ ದನಿ ಬರುತ್ತಿತ್ತು. ಆ ಒಂದು ನಿಮಿಷ ಒಮ್ಮೊಮ್ಮೆ ತಿಂಗಳುಗಟ್ಟಲೆ ಹಿಗ್ಗುತ್ತಿತ್ತು. ಪ್ರಾಡಕ್ಟ್ ಮ್ಯಾನೇಜರ್ ಎಂಬುದೇ ಒಂದು ವಿಚಿತ್ರ ಉದ್ಯೋಗ. ಕೋಡ್ ಬರೆಯುವವರು ಬೇರೆ, ಪರದೆಯ ಚಿತ್ರ ಬಿಡಿಸುವವರು ಬೇರೆ, ಮಾರುವವರು ಬೇರೆ. ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವುದಷ್ಟೇ ಇವಳ ಪಾಲಿನ ಕೆಲಸ. ಚೆನ್ನಾಗಿ ಆದರೆ ಹೊಗಳಿಕೆ ಎಲ್ಲರಿಗೂ ಹಂಚಿಹೋಗುತ್ತದೆ, ಕೆಟ್ಟರೆ ಬೈಗುಳ ಇಡಿಯಾಗಿ ಇವಳಿಗೇ.

‘ಅಲ್ಲಾ, ನೀನು ಅಲ್ಲಿ ಹೋಗಿ ಮಾಡೋದಾದ್ರೂ ಏನು?’ ಎಂದು ಅಮ್ಮ ಆಗಾಗ ಕೇಳುತ್ತಿದ್ದಳು.

‘ಜನ ಒಂದು ಕೆಲಸಾನ ಯಾಕೆ ಹಾಗೆ ಮಾಡ್ತಾರೆ ಅಂತ ಕೇಳ್ತೀನಮ್ಮ.’

‘ಅದಕ್ಕೂ ಸಂಬಳ ಕೊಡ್ತಾರಾ?’ ಎಂದು ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಕೊಡುತ್ತಿದ್ದರು, ಕಂಪನಿ ಇರುವವರೆಗೆ. ಸಣ್ಣ ಕಂಪನಿ. ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಫೋನ್ ಆ್ಯಪ್ ಒಂದನ್ನು ಮಾಡಿ ಆಸ್ಪತ್ರೆಗಳಿಗೆ ಮಾರುತ್ತಿತ್ತು. ದೊಡ್ಡದೊಂದು ಕಂಪನಿ ಅದನ್ನು ಕೊಂಡುಕೊಂಡಿತು, ಕೊಂಡ ಮೇಲೆ ಮುಚ್ಚಿತು. ಮುಚ್ಚುವುದಕ್ಕಾಗಿಯೇ ಕೊಳ್ಳುವವರೂ ಇರುತ್ತಾರೆಂದು ಬ್ರೇಕಮ್ಮನಿಗೆ ಆಗಲೇ ತಿಳಿದದ್ದು. ಆ ಬಾರಿ ‘ಒಂದು ನಿಮಿಷ’ ಎನ್ನಲು ಅವಳನ್ನು ಮೇಜಿಗೇ ಕರೆದಿರಲಿಲ್ಲ.

ಆಮೇಲಿನ ಒಂದು ವರ್ಷಕ್ಕೂ ಮೇಲ್ಪಟ್ಟ ಕಾಲವನ್ನು ವಿವರಿಸಿ ಹೇಳುವುದರಲ್ಲಿ ಸುಖವಿಲ್ಲ. ಅರ್ಜಿ ಹಾಕಿದ್ದಳು, ಹಾಕುತ್ತಲೇ ಇದ್ದಳು. ವಯಸ್ಸು ನಲವತ್ತು ದಾಟಿದೆ, ನಡುವೆ ಕೆಲಸವಿಲ್ಲದೆ ಕೂತ ತಿಂಗಳುಗಳು ಬಾಯಲ್ಲಿ ಹಲ್ಲುದುರಿದ ಜಾಗದ ಹಾಗೆ ಎದ್ದು ಕಾಣುತ್ತವೆ. ಗಂಡ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಮನೆ ಅವನೊಬ್ಬನ ಸಂಬಳದ ಮೇಲೆ ಹೇಗೋ ಉಸಿರಾಡುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮನೂ ಇವರೊಂದಿಗೇ ಇದ್ದಳು. ಬೆಳಗ್ಗೆ ಗಂಡ ಹೊರಟ ಮೇಲೆ ಬ್ರೇಕಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಬೇಡ ಎನ್ನುವ ಉತ್ತರವಾದರೂ ಬಂದರೆ ಅದೇ ದೊಡ್ಡದು ಎನ್ನುವಷ್ಟಕ್ಕೆ ಬಂದು ಮುಟ್ಟಿದ್ದಳು.

ಅಂಥ ಹೊತ್ತಿನಲ್ಲಿ ಒಂದು ಭಾರೀ ತಂತ್ರಜ್ಞಾನ ಕಂಪನಿಯಿಂದ ಕರೆ ಬಂತು. ಪ್ರಪಂಚದಲ್ಲಿ ಅರ್ಧ ಜನರ ಫೋನಿನೊಳಗೆ ಒಂದಲ್ಲ ಒಂದು ರೂಪದಲ್ಲಿ ಕೂತಿರುವ ಕಂಪನಿ. ಅಲ್ಲಿನ ಸಂದರ್ಶನ ಎಂದರೆ ಒಂದು ದಿನದಲ್ಲಿ ಮುಗಿಯುವ ಮಾತಲ್ಲ, ಸುತ್ತಿನ ಮೇಲೆ ಸುತ್ತು. ಒಂದು ಸುತ್ತಿನಲ್ಲಿ, ‘ಈ ಊರಿನಲ್ಲಿ ಒಟ್ಟು ಎಷ್ಟು ಕೊಡೆಗಳಿರಬಹುದು, ಲೆಕ್ಕ ಹಾಕಿ ಹೇಳಿ’ ಎಂದು ಕೇಳಿದರು. ಬ್ರೇಕಮ್ಮ ಜನಸಂಖ್ಯೆ, ಮನೆಗಳು, ಮಳೆ ಎಲ್ಲವನ್ನೂ ಗುಣಿಸಿ ಭಾಗಿಸಿ ಏನೋ ಒಂದು ಸಂಖ್ಯೆ ಹೇಳಿ ಬಂದಳು. ‘ಬೇಕಾದಾಗ ನಮ್ಮನೇಲಿ ಒಂದೂ ಸಿಗಲ್ಲ ಅಂತ ಹೇಳಬೇಕಿತ್ತು’ ಎಂದು ಗಂಡ ನಗಿಸಿದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕರು.

ಕೊನೆಗೆ ಉಳಿದದ್ದು ಒಂದೇ ಸುತ್ತು, ಎದುರುಬದುರು ಕೂತು ಮಾತಾಡುವುದು. ಅದರಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ ಎಂದು ಈ ಕಸುಬಿನವರಿಗೆಲ್ಲ ಗೊತ್ತು. ‘ನೀವು ಸೋತ ಒಂದು ಸಂದರ್ಭ ಹೇಳಿ.’ ಗೆದ್ದದ್ದನ್ನು ಯಾರು ಬೇಕಾದರೂ ಹೇಳುತ್ತಾರೆ. ಸೋತದ್ದನ್ನು ಹೇಗೆ ಹೇಳುತ್ತಾನೆ ಎಂಬುದರಲ್ಲಿ ಮನುಷ್ಯ ಗೊತ್ತಾಗುತ್ತಾನಂತೆ. ಹಾಗಾಗಿ ಕೆಲಸ ಹುಡುಕುವವರು ಸೋಲನ್ನು ಮನೆಯಲ್ಲೇ ಚೆನ್ನಾಗಿ ತೊಳೆದು, ಒಣಗಿಸಿ, ಮಡಿಕೆ ಮುರಿಯದಂತೆ ತೆಗೆದುಕೊಂಡು ಹೋಗುತ್ತಾರೆ. ಇದಕ್ಕೆ ಜೊತೆಗಾರರು ಬೇಕು. ಗುರುತು ಪರಿಚಯ ಇಲ್ಲದ ಇಬ್ಬರು ಫೋನಿನ ಪರದೆಯ ಮೇಲೆ ಕೂತು, ಇವತ್ತು ನೀನು ಕೇಳು ನಾನು ಹೇಳುತ್ತೇನೆ, ನಾಳೆ ನಾನು ಕೇಳುತ್ತೇನೆ ನೀನು ಹೇಳು ಎಂದು ಅಭ್ಯಾಸ ಮಾಡುವುದು ಈ ಕಸುಬಿನಲ್ಲಿ ವಾಡಿಕೆ.

ಬ್ರೇಕಮ್ಮನಿಗೆ ಹಾಗೆ ಸಿಕ್ಕಿದ ಜೊತೆಗಾರ ಅವಳಿಗಿಂತ ಹತ್ತಾರು ವರ್ಷ ಚಿಕ್ಕವನು, ಅವನೂ ಕೆಲಸ ಕಳೆದುಕೊಂಡವನು. ಮನೆಯಲ್ಲಿ ಕೂಸು ಅಳುತ್ತದೆಂದು ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುತ್ತಿದ್ದ. ಅಭ್ಯಾಸಬಲವೋ ಏನೋ, ನಿಂತ ಕಾರಿನಲ್ಲೂ ಸೀಟ್‌ಬೆಲ್ಟ್ ಹಾಕಿಕೊಂಡಿರುತ್ತಿದ್ದ. ಮೊದಲ ದಿನವೇ ಅಕ್ಕ ಎಂದು ಕರೆದ. ಕಂಪನಿ ಯಾವುದಾದರೇನು, ಪ್ರಶ್ನೆಗಳೆಲ್ಲ ಒಂದೇ ಎಂದು ಯಾರು ಎಲ್ಲಿಗೆ ಅರ್ಜಿ ಹಾಕಿದ್ದಾರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

‘ನನ್ನ ಕಷ್ಟ ಏನು ಗೊತ್ತಾ ಅಕ್ಕ? ನನ್ನ ಜೀವನದಲ್ಲಿ ಒಂದು ನೆಟ್ಟಗಿರೋ ಸೋಲೇ ಇಲ್ಲ. ಎಲ್ಲಾ ಬರೀ ಚಿಲ್ಲರೆ ಸೋಲು.’

ಅವಳ ಬಳಿ ಇತ್ತು. ಗಂಡನ ಹತ್ತಿರವೂ ಪೂರ್ತಿ ಹೇಳಿಕೊಳ್ಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. ಅದನ್ನು ಒಂದು ಮಧ್ಯಾಹ್ನ, ಕಾರಿನಲ್ಲಿ ಕೂತ ಅಪರಿಚಿತನಿಗೆ ಹೇಳಿದಳು.

ಅಪ್ಪ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಗೋಡೆಗೆ ಒರಗಿಸಿದ ತಗಡಿನ ಅಂಗಡಿ, ಎದುರಿಗೆ ತೂಗುಬಿಟ್ಟ ಬೀಗದಕೈಗಳ ಸಾಲು. ಕಣ್ಣು ಮಂಜಾದ ಮೇಲೂ ಬೆರಳಲ್ಲೇ ಸವರಿ ಬೀಗದಕೈಗೆ ಹಲ್ಲು ಕೊರೆಯುತ್ತಿದ್ದ. ರಕ್ತದೊತ್ತಡ ಏರಿತು, ವೈದ್ಯರು ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು. ಮಗಳು ತನ್ನದೇ ಆ್ಯಪನ್ನು ಅಪ್ಪನ ಫೋನಿಗೆ ಹಾಕಿದಳು. ಹೊತ್ತಿಗೆ ಸರಿಯಾಗಿ ಫೋನ್ ಕೂಗುತ್ತದೆ. ಮಾತ್ರೆ ನುಂಗಿ ದೊಡ್ಡ ಬಟನ್ ಒತ್ತಬೇಕು. ‘ನೀನು ಒತ್ತಿದ್ರೆ ಆಫೀಸಲ್ಲಿ ನನ್ನ ಮುಂದೆ ಹಸಿರು ಬರುತ್ತೆ ಅಪ್ಪ. ಒತ್ತದೆ ಇದ್ರೆ ಕೆಂಪು’ ಎಂದು ತೋರಿಸಿಕೊಟ್ಟಳು. ಸಾವಿರಾರು ರೋಗಿಗಳ ಸಾಲಿನಲ್ಲಿ ಅಪ್ಪನ ಸಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಳು. ಒಂದು ದಿನವೂ ಕೆಂಪು ಬರಲಿಲ್ಲ. ಮೀಟಿಂಗಿನಲ್ಲಿ ‘ಇಷ್ಟು ಚೆನ್ನಾಗಿ ಬಳಸುವ ರೋಗಿಗಳೂ ಇದ್ದಾರೆ’ ಎಂದು ಅಪ್ಪನ ಸಾಲನ್ನೇ ತೋರಿಸಿದ್ದರು. ಆ ಹಸಿರು ನೋಡಿಕೊಂಡು ಅವಳು ನೆಮ್ಮದಿಯಾಗಿ ಕೆಲಸ ಮಾಡಿದಳು. ವಾರಕ್ಕೊಮ್ಮೆ ನೋಡಲು ಹೋಗುತ್ತಿದ್ದವಳು ಎರಡು ವಾರಕ್ಕೊಮ್ಮೆ ಹೋಗತೊಡಗಿದಳು. ಒಂದು ಬೆಳಗ್ಗೆ ಅಪ್ಪ ಅಂಗಡಿಯಲ್ಲೇ ಕುಸಿದುಬಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅವನು ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ಹಳೆಯ ಬೀಗದಕೈಗಳ ಡಬ್ಬಿಯ ತಳದಲ್ಲಿ ಮಾತ್ರೆಗಳು ಸಿಕ್ಕಿದವು. ತಿಂಗಳುಗಳ ಮಾತ್ರೆ ಅಲ್ಲೇ ಇತ್ತು.

ಅಷ್ಟು ಹೇಳಿ ಅವಳು ಅತ್ತಳು. ಆಮೇಲೆ ಜೊತೆಗಾರ ಮೆಲ್ಲಗೆ ಕೇಳಿದ.

‘ಆಸ್ಪತ್ರೇಲಿ ನಿಮ್ಮಪ್ಪ ಏನಾದ್ರೂ ಅಂದ್ರಾ?’

‘ಇಲ್ಲ. ನಾನು ಹೋಗೋ ಹೊತ್ತಿಗೆ ಮಾತು ನಿಂತುಹೋಗಿತ್ತು.’

‘ಏನಾದ್ರೂ ಅನ್ನಬೇಕಿತ್ತು ಅಕ್ಕ. ಕೇಳೋರಿಗೆ ಹಿಡ್ಕೊಳ್ಳೋಕೆ ಒಂದು ಮಾತು ಬೇಕು.’ ಸ್ವಲ್ಪ ಯೋಚಿಸಿದ. ‘ಹೀಗಂದ್ರೆ ಹೇಗೆ? “ಅದು ನನ್ನ ಹತ್ರ ಮಾತ್ರೆ ಕೇಳಲಿಲ್ಲ ಮಗಳೇ, ಬಟನ್ ಕೇಳ್ತು. ಕೊಟ್ಟೆ.”’

ಅಪ್ಪ ಆ ಮಾತು ಹೇಳಿರಲಿಲ್ಲ. ಆದರೆ ಹೇಳಬಹುದಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಲ್ಲಿಂದ ಕಥೆಗೆ ಸಾಣೆ ಹಿಡಿಯುವುದು ಶುರುವಾಯಿತು. ಅಳು ಬೇಡ, ಗಂಟಲು ಒಂದು ಸಲ ಬಿಗಿದರೆ ಸಾಕು. ಡಬ್ಬಿ ಇರಲಿ, ವೈದ್ಯರು ಬೇಡ. ಕೊನೆಯಲ್ಲಿ ಫಲಿತಾಂಶ ಬೇಕೇ ಬೇಕು. ನಿಜದಲ್ಲಿ ಆದದ್ದೇನೆಂದರೆ, ‘ಬಟನ್ ತೆಗೆಯೋಣ, ಮಾತ್ರೆ ಬಿಡಿಸಿದ ಖಾಲಿ ಪಟ್ಟಿಯ ಫೋಟೋ ಕೇಳೋಣ’ ಎಂದು ಅವಳು ಹೇಳಿದ್ದಳು, ಹಸಿರು ಕಂಡರೇ ಆಸ್ಪತ್ರೆಗಳು ಕೊಳ್ಳುವುದು ಎಂದು ಮೇಲಿನವರು ತಳ್ಳಿಹಾಕಿದ್ದರು. ಈಗ ಕಥೆಯಲ್ಲಿ ಅವರು ಒಪ್ಪಿದರು. ಸಾವಿರಾರು ಜನ ಸರಿಯಾಗಿ ಮಾತ್ರೆ ನುಂಗತೊಡಗಿದರು. ಅಪ್ಪನ ಸಾವು ಉಪಯೋಗಕ್ಕೆ ಬಂತು.

ಪ್ರತಿ ಮಧ್ಯಾಹ್ನ ಅಮ್ಮ ಒಳಕೋಣೆಯಲ್ಲಿ ಮಲಗಿರುವಾಗ ಅವಳು ಅದನ್ನು ಮೆತ್ತನೆ ದನಿಯಲ್ಲಿ ಹೇಳಿದಳು, ಮತ್ತೆ ಹೇಳಿದಳು. ಹೇಳುತ್ತಾ ಹೇಳುತ್ತಾ ಆ ಮಾತಿಗೆ ಅಪ್ಪನದೇ ದನಿ ಬಂತು, ಅಪ್ಪನ ಕೆಮ್ಮೂ ಬಂತು. ಹೀಗೆ ಆಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಜನ ಹೇಳುವುದನ್ನು ಪರೀಕ್ಷಿಸದೆ ನಂಬಬಾರದೆಂದು ಹತ್ತಾರು ವರ್ಷ ಕಂಡಕಂಡವರಿಗೆಲ್ಲ ಉಪದೇಶ ಮಾಡಿದ ಹೆಂಗಸು ತನ್ನ ಬಾಯಿಂದಲೇ ಹೊರಟದ್ದನ್ನು ಕಣ್ಣುಮುಚ್ಚಿ ನಂಬಿದಳು.

ಕೊನೆಯ ಸುತ್ತಿಗೆ ಒಂದು ವಾರ ಇರುವಾಗ ಜೊತೆಗಾರ ಕರೆ ಎತ್ತುವುದನ್ನು ನಿಲ್ಲಿಸಿದ. ಕೂಸಿಗೆ ಹುಷಾರಿಲ್ಲವೇನೋ ಎಂದುಕೊಂಡಳು.

ಆ ದಿನ ಅಮ್ಮ ಬಾಗಿಲವರೆಗೂ ಬಂದಳು. ‘ಈ ಸಲ ಆಗುತ್ತೆ ಬಿಡು’ ಎಂದಳು. ಬ್ರೇಕಮ್ಮನಿಗೂ ಈ ಸಲ ಆಗಲೇಬೇಕು ಎನ್ನಿಸಿತ್ತು. ಇದು ಕೈತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ಅವಳಿಗೆ ಖಂಡಿತವಾಗಿ ಗೊತ್ತಿತ್ತು. ‘ಒಂದು ನಿಮಿಷ’ ಎಂದರೆ ನಾಲ್ಕು ಜನ ತಿರುಗಿ ನೋಡುವ ಮೇಜು ಇನ್ನೊಂದು ಅವಳಿಗೆ ಸಿಗುವುದಿಲ್ಲ.

ಕೆಳಗೆ ಕೊರಳಿಗೆ ಹಾಕಿಕೊಳ್ಳಲು ‘ಅತಿಥಿ’ ಎಂಬ ಚೀಟಿ ಕೊಟ್ಟರು. ಮೇಲೆ ಗಾಜಿನ ಕೋಣೆ. ಒಳಗೆ ಇಬ್ಬರು. ಕೆಲಸ ಸಿಕ್ಕರೆ ಇವಳ ಮೇಲಧಿಕಾರಿಯಾಗಲಿರುವ, ಕೂದಲು ಗಿಡ್ಡ ಕತ್ತರಿಸಿಕೊಂಡ ಹೆಂಗಸು ಒಬ್ಬಳು. ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಳ್ಳುವ ಗಂಡಸು ಇನ್ನೊಬ್ಬ. ಮೊದಲ ಪ್ರಶ್ನೆಗಳು ಹೂವೆತ್ತಿದ ಹಾಗೆ ಹೋದವು. ಮೇಲಧಿಕಾರಿ ಎರಡು ಸಲ ನಕ್ಕಳು. ಆಮೇಲೆ ಬಂತು ಆ ಪ್ರಶ್ನೆ. ಬ್ರೇಕಮ್ಮ ನೀರು ಕುಡಿದು ಶುರುಮಾಡಿದಳು. ತಗಡಿನ ಅಂಗಡಿ, ತೂಗುವ ಬೀಗದಕೈಗಳು, ಹಸಿರು, ಡಬ್ಬಿ. ಗಂಟಲು ಬಿಗಿಯಬೇಕಾದಲ್ಲಿ ಬಿಗಿಯಿತು.

‘ಅಪ್ಪ ಹೋಗೋ ಮುಂಚೆ ಒಂದು ಮಾತು ಹೇಳಿದ್ರು. ಅದು ನನ್ನ ಹತ್ರ ಮಾತ್ರೆ ಕೇಳಲಿಲ್ಲ ಮಗಳೇ, ಬಟನ್ ಕೇಳ್ತು. ಕೊಟ್ಟೆ ಅಂತ.’

ಟೈಪ್ ಮಾಡುತ್ತಿದ್ದವನ ಬೆರಳುಗಳು ನಿಂತವು. ಅವನು ಮೇಲಧಿಕಾರಿಯ ಮುಖ ನೋಡಿದ. ಅವಳು ಪೆನ್ನು ಕೆಳಗಿಟ್ಟಳು.

‘ಆಮೇಲೆ ನೀವು ಬಟನ್ ತೆಗೆದು ಖಾಲಿ ಪಟ್ಟಿಯ ಫೋಟೋ ಕೇಳೋ ಹಾಗೆ ಮಾಡಿದ್ರಿ. ಅಲ್ವಾ?’

ಕಥೆಯಲ್ಲಿ ಅಲ್ಲಿಯವರೆಗೆ ಬ್ರೇಕಮ್ಮ ಇನ್ನೂ ಬಂದಿರಲಿಲ್ಲ.

‘ಈ ಕಥೆ ಇದೇ ವಾರ ನಾವು ಕೇಳಿದೀವಿ’ ಎಂದಳು ಮೇಲಧಿಕಾರಿ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ‘ಬೇರೆಯವರೊಬ್ಬರಿಂದ. ಅವರ ತಂದೆ ವಾಚ್ ರಿಪೇರಿಯವರು. ಮಾತು ಮಾತ್ರ ಇದೇ. ಅಕ್ಷರ ಅಕ್ಷರವೂ.’

‘ಅದು ನನ್ನ ಅಪ್ಪ’ ಎಂದಳು ಬ್ರೇಕಮ್ಮ. ಅಷ್ಟೇ ಬಂದದ್ದು ಬಾಯಿಗೆ.

‘ಇರಬಹುದು. ಇದೇ ಮಾತು ಅವರೂ ಹೇಳಬಹುದು, ನೀವೂ ಹೇಳಬಹುದು. ನನಗೆ ಹೇಗೆ ಗೊತ್ತಾಗಬೇಕು ಹೇಳಿ? ತಂದೆಯವರು ಆ ಮಾತು ಹೇಳಿದಾಗ ಎಲ್ಲಿದ್ರು, ನೀವು ಏನಂದ್ರಿ?’

ಆ ಹೆಂಗಸು ಒಳ್ಳೆಯವಳು. ಬಾಗಿಲು ಮುಚ್ಚುವ ಮೊದಲು ಒಂದು ಸಂದು ಬಿಟ್ಟು ನಿಂತಿದ್ದಳು. ಬ್ರೇಕಮ್ಮ ಆಸ್ಪತ್ರೆಯ ಹಾಸಿಗೆಯನ್ನು ನೆನೆಸಿಕೊಂಡಳು. ಅಪ್ಪ ಮಲಗಿದ್ದಾನೆ, ಆ ಮಾತು ಹೇಳುತ್ತಿದ್ದಾನೆ. ಬಾಯಿ ಒಂದು ಕಡೆ ಎಳೆದುಕೊಂಡಿದೆ, ಮೂಗಿಗೆ ಕೊಳವೆ ಹಾಕಿದೆ. ಆ ಬಾಯಿಂದ ಆ ಮಾತು ಹೊರಡುವುದಾದರೂ ಹೇಗೆ?

‘ಹೇಳಲಿಲ್ಲ’ ಎಂದಳು. ‘ಅಪ್ಪನಿಗೆ ಆಗ ಮಾತೇ ಇರಲಿಲ್ಲ. ಆ ಮಾತು ಕಟ್ಟಿದ್ದು. ಫೋಟೋನೂ ಅಷ್ಟೇ, ಅದನ್ನ ಅವರು ಒಪ್ಪಲೇ ಇಲ್ಲ. ಮಾತ್ರೆ ಡಬ್ಬಿಲಿ ಸಿಕ್ಕಿದ್ದು ಮಾತ್ರ ನಿಜ.’

ಮೇಲಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದಳು. ಪರೀಕ್ಷೆಗೆಂದು ಕೇಳಿದಳೋ, ನಿಜವಾಗಿ ತಿಳಿಯಬೇಕೆಂದು ಕೇಳಿದಳೋ ಹೇಳುವುದು ಕಷ್ಟ.

‘ಮತ್ತೆ, ಮಾತ್ರೆ ನುಂಗದೆ ಇದ್ರೂ ಅವರು ದಿನಾ ಬಟನ್ ಯಾಕೆ ಒತ್ತುತ್ತಿದ್ರು?’

ಕಸುಬಿನ ಮೊದಲ ಪ್ರಶ್ನೆ ಅದು. ಈ ಕೆಲಸಕ್ಕೆ ನಿನ್ನೆ ಮೊನ್ನೆ ಸೇರಿದವರೂ ಕೇಳುವಂಥದ್ದು. ಕಣ್ಣು ಕಾಣದೆ ಒತ್ತಿರಬೇಕು, ಕೂಗು ನಿಲ್ಲಲಿ ಎಂದು ಒತ್ತಿರಬೇಕು, ಮರೆವಿರಬೇಕು ಎಂದು ಅವಳು ತನಗೆ ತಾನೇ ಉತ್ತರ ಹೇಳಿಕೊಂಡು ಸುಮ್ಮನಾಗಿದ್ದಳು. ಯಾರನ್ನೂ ಕೇಳಿರಲಿಲ್ಲ.

‘ಗೊತ್ತಿಲ್ಲ’ ಎಂದಳು.

ಗಂಡಸು ಅದನ್ನು ಟೈಪ್ ಮಾಡಿಕೊಂಡ. ಉಳಿದ ಪ್ರಶ್ನೆಗಳನ್ನು ಮರ್ಯಾದೆಗೆ ಕೇಳಿ ಮುಗಿಸಿದರು. ಮೇಲಧಿಕಾರಿ ಲಿಫ್ಟಿನವರೆಗೆ ಬಂದು ಕೈಕುಲುಕಿದಳು. ‘ತಂದೆಯವರ ವಿಷಯ ಕೇಳಿ ಬೇಜಾರಾಯ್ತು’ ಎಂದಳು. ಕೆಳಗೆ ಕೊರಳಿನ ಚೀಟಿಯನ್ನು ವಾಪಸು ಇಸಿದುಕೊಂಡರು.

ರಸ್ತೆಗಿಳಿದು ಫೋನ್ ಮಾಡಿದಳು. ಈ ಸಲ ಜೊತೆಗಾರ ಎತ್ತಿದ. ಹಿಂದಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು.

‘ನನ್ನ ಅಪ್ಪನ್ನ ಕದ್ದೆಯಲ್ಲೋ’ ಎಂದಳು.

‘ಅಲ್ಲಿ ಕೂತಾಗ ಬೇರೆ ಯಾವುದೂ ಬಾಯಿಗೆ ಬರಲಿಲ್ಲ ಅಕ್ಕ. ದಿನಾ ಕೇಳಿ ಕೇಳಿ ನನ್ನದೇ ಅನ್ನೋ ಹಾಗಾಗಿತ್ತು. ನೀವೂ ಅಲ್ಲಿಗೇ ಹೋಗ್ತೀರ ಅಂತ ನಂಗೆ ದೇವರಾಣೆ ಗೊತ್ತಿರಲಿಲ್ಲ.’ ಆಮೇಲೆ ತಗ್ಗಿದ ದನಿಯಲ್ಲಿ, ‘ಅಪ್ಪ ನಿಮ್ಮೋರು, ಒಪ್ಪಿದೆ. ಆ ಮಾತು ನಂದೇ ಅಲ್ವಾ ಅಕ್ಕ?’ ಎಂದ.

ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಫೋನ್ ಹಚ್ಚಿದ್ದಳು, ಬೈಗುಳಗಳೆಲ್ಲ ಅರ್ಧ ದಾರಿಯಲ್ಲಿ ತನ್ನ ಕಡೆಗೇ ತಿರುಗಿಕೊಂಡವು.

‘ಅವರು ನನ್ನ ಬಗ್ಗೆ ಏನಾದ್ರೂ ಅಂದ್ರಾ?’ ಎಂದು ಅವನು ಕೇಳಿದ. ಅವಳು ಫೋನ್ ಇಟ್ಟಳು.

ಮನೆಗೆ ಬಂದಾಗ ಅಮ್ಮ ಹಾಸಿಗೆಯ ಮೇಲೆ ಒಗೆದ ಬಟ್ಟೆಗಳ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ‘ಏನಾಯ್ತೇ?’ ಎಂದಳು. ಬ್ರೇಕಮ್ಮ ಚಪ್ಪಲಿ ಕೂಡ ಬಿಚ್ಚದೆ ಹಾಸಿಗೆಯ ಅಂಚಿಗೆ ಕೂತಳು.

‘ಅಮ್ಮಾ, ಅಪ್ಪ ಆ ಮಾತ್ರೆ ಯಾಕೆ ನುಂಗ್ತಿರಲಿಲ್ಲ?’

ಅಮ್ಮನ ಕೈ ನಿಂತಿತು. ‘ಈಗ್ಯಾಕೆ ಅದು?’

‘ಹೇಳಮ್ಮ.’

‘ಅದು ನುಂಗಿದ್ರೆ ಗಳಿಗೆಗೊಂದು ಸಲ ಒಂದಕ್ಕೆ ಹೋಗಬೇಕಾಗ್ತಿತ್ತಲ್ಲೇ. ಅಂಗಡಿ ಹತ್ರ ಎಲ್ಲಿದೆ ಅದಕ್ಕೆ ಜಾಗ? ಬಸ್ ಸ್ಟ್ಯಾಂಡ್ ದಾಟಿ ಆ ತುದಿಗೆ ಹೋಗಬೇಕು. ಕಣ್ಣು ಬೇರೆ ಕಾಣಲ್ಲ, ಬಸ್ಸುಗಳು ಹಿಂದಕ್ಕೆ ಮುಂದಕ್ಕೆ ಬರ್ತಿರ್ತವೆ. ಒಂದಿನ ಹೋಗೋಷ್ಟರಲ್ಲೇ ಬಟ್ಟೆ ಒದ್ದೆ ಆಗೋಯ್ತು. ಅವತ್ತಿಂದ ಬಿಟ್ರು.’

‘ನನಗೆ ಯಾಕೆ ಹೇಳಲಿಲ್ಲ?’

‘ಹೆಣ್ಣುಮಗಳ ಹತ್ರ ಅದನ್ನೆಲ್ಲ ಏನು ಹೇಳೋದು ಅಂದ್ರು. ನಾನೂ ಬುದ್ಧಿಯಿಲ್ಲದೋಳು, ಹೂಂ ಅಂದೆ. ಅದರಿಂದ ಪ್ರಾಣ ಹೋಗುತ್ತೆ ಅಂತ ನಂಗೇನು ಗೊತ್ತು?’

‘ಸರಿ, ನುಂಗದೆ ಇದ್ಮೇಲೆ ಬಟನ್ ಯಾಕೆ ಒತ್ತುತ್ತಿದ್ರು?’

ಅಮ್ಮ ಅವಳ ಮುಖವನ್ನೇ ನೋಡಿದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

‘ಒತ್ತದೆ ಇದ್ರೆ ನಿನ್ನ ಮುಂದೆ ಕೆಂಪು ಬರುತ್ತೆ ಅಂತ ನೀನೇ ಹೇಳಿದ್ದೆಯಲ್ಲ. ಹತ್ತು ಜನರ ಮಧ್ಯೆ ಕೂತು ಕೆಲಸ ಮಾಡ್ತಿರ್ತಾಳೆ, ಕೆಂಪು ನೋಡಿದ್ರೆ ಹೆದರ್ತಾಳೆ, ಓಡಿ ಬರ್ತಾಳೆ, ಕೆಲಸ ಕೆಡುತ್ತೆ ಅನ್ನೋರು. ನಾನು ಊಟ ತಗೊಂಡು ಹೋಗಿರ್ತಿದ್ನಲ್ಲ, ಫೋನ್ ಕೂಗಿದ ತಕ್ಷಣ ಕೈಯಲ್ಲಿರೋದನ್ನ ಬಿಟ್ಟು ತಡಕಾಡಿ ಒತ್ತೋರು. ಒತ್ತಿ, “ಇಗೋ, ನಿನ್ನ ಮಗಳಿಗೆ ಹಸಿರು ಕಳಿಸಿದೆ” ಅನ್ನೋರು. ಒಂದು ದಿನ ತಪ್ಪಿಸಲಿಲ್ಲ.’

ಅಮ್ಮ ಒಂದು ಅಂಗಿಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

‘ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನೀನು ಯಾವತ್ತೂ ಕೇಳಲಿಲ್ಲವಲ್ಲೇ. ಕೇಳೋದೇ ನಿನ್ನ ಕೆಲಸ ಅಂತಿದ್ದೆ.’

ಹೊರಗೆ ಯಾರದೋ ಮನೆಯ ಬಾಗಿಲಿಗೆ ಬೀಗ ಹಾಕುವ ಸದ್ದಾಯಿತು. ಗಂಡ ಬರುವ ಹೊತ್ತಾಗಿತ್ತು. ಅಪ್ಪ ಆ ಸಾಲನ್ನು ಅಷ್ಟು ತಿಂಗಳು ಹಸಿರಾಗಿ ಇಟ್ಟದ್ದು ಮಗಳಿಗಾಗಿ, ಆ ಹಸಿರನ್ನು ನೋಡಿಕೊಂಡೇ ಅವಳು ಹೋಗಿ ಬರುವುದನ್ನು ಕಡಿಮೆ ಮಾಡಿದ್ದು. ಅಳು ಬಂತು, ಅಮ್ಮನ ಎದುರು ನುಂಗಿಕೊಂಡಳು.

‘ಅದಿರಲಿ, ಹೋಗಿದ್ದು ಏನಾಯ್ತು ಅಂತ ಹೇಳಲೇ ಇಲ್ಲ ನೀನು’ ಎಂದಳು ಅಮ್ಮ. ಮಗಳ ಮುಖ ನೋಡಿ ಅವಳ ದನಿಯಲ್ಲಿ ಆಗಲೇ ಹೆದರಿಕೆ ಇಣುಕಿತ್ತು.

ಬ್ರೇಕಮ್ಮ ಬಗ್ಗಿ ಚಪ್ಪಲಿ ಬಿಚ್ಚಿದಳು.

‘ಚೆನ್ನಾಗಾಯ್ತಮ್ಮ’ ಎಂದಳು. ‘ತುಂಬಾ ಚೆನ್ನಾಗಾಯ್ತು. ಫೋನ್ ಮಾಡ್ತಾರಂತೆ.’

‘ನಾನು ಹೇಳಿರಲಿಲ್ವಾ’ ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ನೆಮ್ಮದಿಯಾಗಿ ಒಳಗೆ ಹೋದಳು.